ಗೇರುಬೀಜದ ಕಂಟೇನರ್ ಪಣಂಬೂರು ಬಂದರಿನಲ್ಲಿ ನಿಲ್ಲುವುದೇಕೆ

ಆಫ್ರಿಕಾದಿಂದ ಕಚ್ಚಾ ಗೇರುಬೀಜ ತರಿಸುವ ಮಂಗಳೂರಿನ ಫ್ಯಾಕ್ಟರಿಗಳಲ್ಲಿ ಮಾಲು ತಡವಾದರೆ ಬೈಗುಳ ಹೋಗುವುದು ಕಸ್ಟಮ್ಸ್‌ನವರಿಗೆ. ಫೈಲು ಬಿಚ್ಚಿ ನೋಡಿದರೆ ತಡ ಹೆಚ್ಚಾಗಿ ಹಡಗು ಬರುವ ಮೊದಲೇ ಆಗಿರುತ್ತದೆ, ಕಾಗದಪತ್ರದಲ್ಲಿ. ಬಂದರುಗಳಲ್ಲಿ ಆಮದು ಮಾಲು ಬಿಡಿಸಲು ಇಲಾಖೆ ಇಟ್ಟುಕೊಂಡ ಗುರಿ 48 ಗಂಟೆ. ಅದು ಆಗದ ಮಾತಲ್ಲ.

ಆಮದು ಮಾಲಿನ ವಿವರ ಕಸ್ಟಮ್ಸ್‌ಗೆ ಕೊಡುವ ಬಿಲ್ ಆಫ್ ಎಂಟ್ರಿಯನ್ನು ಸಾಮಾನ್ಯವಾಗಿ ಹಡಗು ಬರುವ ಹಿಂದಿನ ದಿನ ಮುಗಿಯುವುದರೊಳಗೆ ಹಾಕಿರಬೇಕು, ಹಿಂದಿನ ದಿನ ಭಾನುವಾರವಾದರೂ ಸರಿ. 30 ದಿನ ಮೊದಲೇ ಹಾಕಲೂ ಅವಕಾಶವಿದೆ. ಗಡುವು ತಪ್ಪಿದರೆ ತಡದ ಶುಲ್ಕ ಮೊದಲ ಮೂರು ದಿನ ದಿನಕ್ಕೆ 5,000 ರೂಪಾಯಿ, ಆಮೇಲೆ ದಿನಕ್ಕೆ 10,000. ಆದರೆ ಬೇಗ ಹಾಕಿದವರಿಗೂ ಒಂದು ತೊಡಕಿದೆ. ಕೊಲಂಬೊದಲ್ಲಿ ದೊಡ್ಡ ಹಡಗಿನಿಂದ ಇಳಿದ ಕಂಟೇನರ್ ಇಲ್ಲಿಗೆ ಬರುವುದು ಚಿಕ್ಕ ಹಡಗಾದ ಫೀಡರ್‌ನಲ್ಲಿ. ಒಂದು ಫೀಡರ್ ತಪ್ಪಿ ಇನ್ನೊಂದಕ್ಕೆ ಹತ್ತಿಸಿದರೆ ಹಡಗಿನ ಹೆಸರು, ವಾಯೇಜ್ (ಯಾನ) ನಂಬರ್ ಎರಡೂ ಬದಲು. ಲೈನಿನವರು, ಅಂದರೆ ಹಡಗು ಕಂಪನಿಯವರು, ಕಸ್ಟಮ್ಸ್‌ಗೆ ಕೊಟ್ಟ ಸರಕುಪಟ್ಟಿಯಾದ ಐಜಿಎಮ್‌ಗೂ ನಮ್ಮ ಬಿಲ್ಲಿಗೂ ತಾಳೆಯಾಗದೆ ತಿದ್ದುಪಡಿಗೆ ಓಡಬೇಕು. ಕೊಲಂಬೊ ಬಿಟ್ಟ ದಿನವೇ ಲೈನಿನವರಿಗೆ ಫೋನ್ ಮಾಡಿ ಫೀಡರ್ ಹೆಸರು ಕೇಳಿ ನಿಮ್ಮ ಕಸ್ಟಮ್ಸ್ ಏಜೆಂಟರಾದ ಸಿಎಚ್‌ಎಗೆ ತಿಳಿಸಿ.

ಇನ್ನು ತೂಕ. 80 ಕಿಲೋದ 200 ಗೋಣಿ ಎಂದರೆ ಬೀಜ 16,000 ಕಿಲೋ. ಗೋಣಿಯ ತೂಕ ಬೇರೆ. ಇನ್‌ವಾಯ್ಸ್‌ನಲ್ಲಿ ನೆಟ್ (ಬರೀ ಬೀಜದ ತೂಕ), ಹಡಗು ಕಂಪನಿಯ ಸಾಗಣೆ ರಸೀದಿಯಾದ ಬಿಎಲ್‌ನಲ್ಲಿ ಗ್ರಾಸ್ (ಗೋಣಿ ಸೇರಿದ ತೂಕ) ಇದ್ದರೆ ತಪ್ಪಲ್ಲ. ಪ್ಯಾಕಿಂಗ್ ಲಿಸ್ಟ್‌ನಲ್ಲಿ ಎರಡೂ ಬಿಡಿಬಿಡಿಯಾಗಿ ಇರದಿದ್ದರೆ ಅಧಿಕಾರಿಯಿಂದ ಕ್ವೆರಿ (ಪ್ರಶ್ನೆ) ಬರುತ್ತದೆ. 2020ರಿಂದ ಸುಂಕ ನಿಗದಿಯ ಅಸೆಸ್‌ಮೆಂಟ್ ಮುಖಾಮುಖಿಯಲ್ಲ, ಅಧಿಕಾರಿ ಬೇರೆ ಯಾವುದೋ ಊರಿನಲ್ಲಿರಬಹುದು. ಪಣಂಬೂರಿನ ಮೇಜಿನ ಮುಂದೆ ನಿಂತು ಬಾಯಲ್ಲಿ ಹೇಳಿ ಮುಗಿಸುವಂತಿಲ್ಲ. ಅರ್ಧ ಉತ್ತರ ಕೊಟ್ಟರೆ ಇನ್ನೊಂದು ಕ್ವೆರಿ, ಇನ್ನೊಂದು ದಿನ.

ಕಸ್ಟಮ್ಸ್ ಬಿಟ್ಟರೂ ಕೀಟ, ರೋಗ ತಪಾಸಣೆ ಮಾಡುವ ಪ್ಲಾಂಟ್ ಕ್ವಾರಂಟೈನ್‌ನವರು ಬಿಡಬೇಕು. ಮಾಲು ಕಳಿಸಿದ ದೇಶ ಕೊಡುವ ಸಸ್ಯ ಆರೋಗ್ಯ ಪತ್ರವಾದ ಫೈಟೋಸ್ಯಾನಿಟರಿ ಸರ್ಟಿಫಿಕೇಟ್‌ನಲ್ಲಿ ಫ್ಯೂಮಿಗೇಶನ್ (ಕೀಟ ಕೊಲ್ಲುವ ಹೊಗೆ) ಕಾಲಂ ನೋಡಿ: ಔಷಧಿ, ಪ್ರಮಾಣ, ಎಷ್ಟು ಗಂಟೆ, ಎಷ್ಟು ಡಿಗ್ರಿ. ಖಾಲಿ ಬಿಟ್ಟಿದ್ದರೆ ಇಲ್ಲೇ ಫ್ಯೂಮಿಗೇಶನ್ ಮಾಡಿಸಬೇಕಾಗಬಹುದು, ಆಮೇಲೆ ಗಾಳಿಯಾಡಲು ಬಿಡಬೇಕು. ಲೋಡ್ ಆಗುವ ಮುನ್ನ ಕರಡು ಪ್ರತಿಯನ್ನು ವಾಟ್ಸಾಪ್‌ನಲ್ಲಿ ತರಿಸಿಕೊಂಡರೆ ತಿದ್ದಿಸುವುದು ಸುಲಭ.

ಸುಂಕವನ್ನು ಗಡುವಿನೊಳಗೆ ಕಟ್ಟಿ, ಮೀರಿದರೆ ವರ್ಷಕ್ಕೆ 15% ಬಡ್ಡಿ.

ಜುಲೈಯಲ್ಲಿ ಇದೆಲ್ಲ ಇಮ್ಮಡಿ ದುಬಾರಿ. ಯಾರ್ಡ್‌ನಲ್ಲಿ ನಿಂತ ಕಂಟೇನರ್‌ನ ಒಳ ಮಾಡು ಬೆವರಿ ಮೇಲಿನ ಸಾಲಿನ ಗೋಣಿಗಳ ಮೇಲೆ ತೊಟ್ಟಿಕ್ಕುತ್ತದೆ, ಬೀಜಕ್ಕೆ ಬೂಸ್ಟು ಹತ್ತುತ್ತದೆ. ಬಾಗಿಲು ತೆಗೆದಾಗ ಮುಗ್ಗಲು ವಾಸನೆ ಬಂದರೆ ಒಂದು ಗೋಣಿಯನ್ನೂ ಇಳಿಸಬೇಡಿ. ಮೊದಲು ವಿಮೆಯ ಸರ್ವೇಯರ್ ಬರಲಿ, ಸೀಲ್ ನಂಬರಿನ ಸಮೇತ ಫೋಟೋ ಆಗಲಿ.