94 ಮೈಲಿಯ ಆ ಎಸೆತ

ಎಂಟನೆಯ ಇನಿಂಗ್ಸ್‌ನಲ್ಲಿ ಚೆಂಡೆಸೆಯಲು ಆ ಹುಡುಗ ಮೈದಾನಕ್ಕೆ ಬಂದಾಗ ನನ್ನ ಮುಂದಿನ ಸಾಲಿನಲ್ಲಿದ್ದ ಮೂವರು ವೇಗ ಅಳೆಯುವ ಗನ್‌ಗಳನ್ನು ಒಟ್ಟಿಗೇ ಎತ್ತಿ ಹಿಡಿದರು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ನಡೆಯುತ್ತಿದ್ದ ಕೆಳಹಂತದ ಬೇಸ್‌ಬಾಲ್ ಪಂದ್ಯವದು. ಇಲ್ಲಿ ಆಡುವವರೆಲ್ಲ ಇಪ್ಪತ್ತರ ಆಸುಪಾಸಿನವರು. ಅಲ್ಲಿನ ಅತ್ಯುನ್ನತ ಹಂತವಾದ ಮೇಜರ್ ಲೀಗ್ ಮುಟ್ಟಲು ಅವರಿಗೆ ಇನ್ನೂ ನಾಲ್ಕು ಮೆಟ್ಟಿಲು ಬಾಕಿ.

ಮೊದಲ ಎಸೆತಕ್ಕೇ ಫಲಕದ ಮೇಲೆ 99 ಎಂದು ಮೂಡಿತು. ಗಂಟೆಗೆ 99 ಮೈಲಿ, ಅಂದರೆ ಸುಮಾರು 159 ಕಿಲೋಮೀಟರ್! ಜಾವಗಲ್ ಶ್ರೀನಾಥ್ ಬೌಲಿಂಗ್ ನೋಡುತ್ತಾ ಬೆಳೆದವನು ನಾನು. ವೇಗ ಕಂಡರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಆದರೆ ಇಲ್ಲಿ ಓಡಿ ಬಂದು ಎಸೆಯುವ ಮಾತೇ ಇಲ್ಲ. ನಿಂತಲ್ಲಿಂದ ಒಂದು ಹೆಜ್ಜೆ, ತೋಳಿನ ಒಂದು ಬೀಸು, 60 ಅಡಿ 6 ಅಂಗುಲದಾಚೆ, ಬ್ಯಾಟರ್‌ನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್‌ನ ಕೈಗವಸಿನಲ್ಲಿ ಪಟಾಕಿಯಂಥ ಸದ್ದು. ಮೊದಲ ಬ್ಯಾಟರ್ ಮೂರೇ ಎಸೆತಕ್ಕೆ ಔಟ್.

ಪಕ್ಕದಲ್ಲಿದ್ದವರು ಹೈಸ್ಕೂಲು ಹುಡುಗರಿಗೆ ಮೂವತ್ತು ವರ್ಷ ತರಬೇತಿ ಕೊಟ್ಟು ನಿವೃತ್ತರಾದ ಹಿರಿಯರು. "ಫಲಕ ನೋಡಬೇಡಿ, ಕ್ಯಾಚರ್‌ನ ಕೈ ನೋಡಿ" ಎಂದು ದುರ್ಬೀನು ಕೊಟ್ಟರು. ಕ್ಯಾಚರ್ ಮೊಣಕಾಲಿನ ಬಳಿ ಹಿಡಿದ ಕೈಗವಸು ಪ್ರತಿ ಸಲವೂ ಎದೆಯೆತ್ತರಕ್ಕೆ ಜಿಗಿಯುತ್ತಿತ್ತು. ಹುಡುಗನ ಎಡಗಾಲು ಒಂದೇ ಕಡೆ ಊರುತ್ತಿರಲಿಲ್ಲ. ಮಣ್ಣಿನಲ್ಲಿ ಒಂದು ಗುಳಿ ಬೀಳುವ ಬದಲು ನಾಲ್ಕೈದು ಗುರುತುಗಳು. ಕಾಲು ಅಲೆದರೆ ಚೆಂಡೂ ಅಲೆಯುತ್ತದೆ. ಮುಂದಿನ ಇಬ್ಬರಿಗೂ ಗುರಿ ತಪ್ಪಿದ ನಾಲ್ಕು ಎಸೆತ ಹಾಕಿ ಮೊದಲ ಬೇಸ್ ಪುಕ್ಕಟೆ ಬಿಟ್ಟುಕೊಟ್ಟ. ಆಮೇಲೆ ಸ್ಲೈಡರ್, ಅಂದರೆ ಕೊನೆಯಲ್ಲಿ ಪಕ್ಕಕ್ಕೆ ತಿರುಗುವ ಚೆಂಡು ಎಸೆದಾಗಲಂತೂ ತೋಳಿನ ಬೀಸೇ ನಿಧಾನವಾಯಿತು. ನನಗೆ ಕಂಡದ್ದು ಬ್ಯಾಟರ್‌ಗೆ ಕಾಣದೇ? ಕಾದು ಹೊಡೆದ. ಒಂದು ರನ್ ಹೋಯಿತು.

ನನಗೆ ಜೋಯೆಲ್ ಝುಮಾಯಾ ನೆನಪಾದರು. 2006ರಲ್ಲಿ ಡೆಟ್ರಾಯ್ಟ್ ಟೈಗರ್ಸ್ ಪರ 100 ಮೈಲಿ ಮೀರಿ ಎಸೆಯುತ್ತಿದ್ದ ರಿಲೀಫ್ ಪಿಚರ್, ಅಂದರೆ ಪಂದ್ಯದ ನಡುವೆ ಬಂದು ಚೆಂಡೆಸೆಯುವವರು. 2010ರ ಜೂನ್‌ನಲ್ಲಿ ಒಂದು ಎಸೆತದಲ್ಲೇ ಮೊಣಕೈ ಮೂಳೆ ಮುರಿದು ಕುಸಿದರು; ಮತ್ತೆಂದೂ ಮೇಜರ್ ಲೀಗ್‌ನಲ್ಲಿ ಎಸೆಯಲಿಲ್ಲ. ಆಗ ಅವರಿಗೆ 25 ವರ್ಷ. ಈ ಹುಡುಗ ತೋಳು ಬೀಸಿದಾಗಲೆಲ್ಲ ಮೆಚ್ಚುಗೆಯ ಬೆನ್ನಿಗೇ ನನಗೆ ಭಯವೂ ಆಗುತ್ತಿತ್ತು.

ಕ್ಯಾಚರ್ ಎದ್ದು ಹೋಗಿ ಹುಡುಗನ ಕಿವಿಯಲ್ಲಿ ಏನೋ ಹೇಳಿ ಬಂದ. ಮರು ಎಸೆತ 94. ಮುಂದಿನ ಸಾಲಿನವರು ಆಗಲೇ ಗನ್ ಇಳಿಸಿದ್ದರು. ಚೆಂಡು ಮೊಣಕಾಲಿನ ಎತ್ತರದಲ್ಲಿ, ಹೊರ ಅಂಚಿನಲ್ಲಿ ಬಂತು. ಬ್ಯಾಟರ್ ನೆಲಕ್ಕೆ ಬಡಿದ. ಒಂದೇ ಹೊಡೆತಕ್ಕೆ ಇಬ್ಬರು ಔಟಾಗಿ, ಮೂರು ಔಟ್ ತುಂಬಿ ಅವರ ಇನಿಂಗ್ಸ್ ಮುಗಿಯಿತು.

"ದಣಿದಿದ್ದಾನೆ" ಎಂದರು ಹಿರಿಯರು. ಅವರ ಟಿಪ್ಪಣಿ ಪುಸ್ತಕದಲ್ಲಿ ಹುಡುಗನ ಫಾಸ್ಟ್‌ಬಾಲ್‌ಗೆ 80, ಸ್ಲೈಡರ್‌ಗೆ 40, ನಿಯಂತ್ರಣಕ್ಕೆ 30 ಅಂಕ. ಇಲ್ಲಿನ ಆಟಗಾರರನ್ನು ಅಳೆಯುವುದೇ 20ರಿಂದ 80ರ ಮಾಪನದಲ್ಲಿ. 50 ಎಂದರೆ ಸರಾಸರಿ.

ನನಗೆ ಒಪ್ಪಿಗೆಯಾಗಲಿಲ್ಲ. ದಣಿದವನ ಕಾಲು ಇನ್ನಷ್ಟು ಅಲೆಯಬೇಕಿತ್ತು. ಆ ಎಸೆತದಲ್ಲಿ ಮಾತ್ರ ಎಡಗಾಲು ಗುರಿಯತ್ತ ನೇರವಾಗಿ ಊರಿತ್ತು, ಕ್ಯಾಚರ್‌ನ ಕೈಗವಸು ಇಟ್ಟಲ್ಲಿಂದ ಕದಲಿರಲಿಲ್ಲ. ಐದು ಮೈಲಿ ಬಿಟ್ಟುಕೊಟ್ಟರೆ ಚೆಂಡು ಹೇಳಿದಲ್ಲಿಗೆ ಹೋಗುತ್ತದೆ ಎಂದು ಆ ಹುಡುಗನಿಗೆ ಹೊಳೆದಿದೆ ಎಂದೆ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, 30ರ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದರು.

ಹೊರಡುವ ಮುನ್ನ ಶುಕ್ರವಾರದ ಪಂದ್ಯಕ್ಕೆ ಅದೇ ಸಾಲಿನಲ್ಲಿ ಎರಡು ಟಿಕೆಟ್ ತೆಗೆದುಕೊಂಡೆವು.