ಪ್ಲಸ್ ತೋರಿಸಿತೆಂದು ಇಂಜೆಕ್ಟರ್ ಬದಲಿಸಬೇಡಿ

ನಾಲ್ಕು ಸಿಲಿಂಡರಿನ ಕಾಮನ್ ರೈಲ್ (ಎಲ್ಲ ಇಂಜೆಕ್ಟರಿಗೂ ಒಂದೇ ಪೈಪಿನಿಂದ ಭಾರಿ ಒತ್ತಡದ ಡೀಸೆಲ್ ಹೋಗುವ) ಗಾಡಿ ಐಡ್ಲಿಂಗ್‌ನಲ್ಲಿ ನಡುಗುತ್ತದೆ. ಸ್ಕ್ಯಾನರ್ ಹಾಕಿದರೆ ಪಿ0269 ಎಂಬ ದೋಷದ ಕೋಡ್ ಬರುತ್ತದೆ. ಅಂದರೆ ಮೂರನೇ ಸಿಲಿಂಡರಿನ ಬ್ಯಾಲೆನ್ಸ್ ತಪ್ಪಿದೆ (ಒಂದು, ಎರಡು, ನಾಲ್ಕಕ್ಕೆ ಪಿ0263, ಪಿ0266, ಪಿ0272). ಎಷ್ಟೋ ಕಡೆ ಅಷ್ಟಕ್ಕೇ ಮೂರನೇ ಇಂಜೆಕ್ಟರ್ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಭಾಗ) ಬಿಚ್ಚಿ ಹೊಸದು ಕೂರಿಸುತ್ತಾರೆ, ನಡುಕ ಹಾಗೇ ಉಳಿಯುತ್ತದೆ. ಕೋಡ್ ತೋರಿಸುವುದು ಸಿಲಿಂಡರನ್ನು, ಕೆಟ್ಟ ಭಾಗವನ್ನಲ್ಲ.

ಪ್ರತಿ ಸಿಲಿಂಡರ್ ಫೈರ್ ಆದಾಗ ಕ್ರ್ಯಾಂಕ್ ಎಷ್ಟು ವೇಗ ಪಡೆಯಿತು ಎಂದು ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಕ್ರ್ಯಾಂಕ್ ಸೆನ್ಸರ್‌ನಿಂದ ಅಳೆಯುತ್ತದೆ. ಸೊರಗಿದ ಸಿಲಿಂಡರಿಗೆ ಡೀಸೆಲ್ ಹೆಚ್ಚಿಸಿ, ಜೋರಾಗಿ ತಳ್ಳುವುದಕ್ಕೆ ಕಡಿಮೆ ಮಾಡುತ್ತದೆ. ಆ ಲೆಕ್ಕವೇ ಸ್ಕ್ಯಾನರಿನಲ್ಲಿ ಕಾಣುವ ಕರೆಕ್ಷನ್: ಹೆಚ್ಚಿಸಿದರೆ ಪ್ಲಸ್, ಕಡಿಮೆ ಮಾಡಿದರೆ ಮೈನಸ್. ಅದನ್ನು ಓದುವಾಗ ಇಂಜಿನ್ 80 ಡಿಗ್ರಿ ದಾಟಿರಲಿ, ಎಸಿ ಆಫ್, ಗೇರ್ ನ್ಯೂಟ್ರಲ್. ಉದಾಹರಣೆಗೆ ಒಂದರಿಂದ ನಾಲ್ಕರವರೆಗೆ −1.1, −0.9, +3.4, −1.4 ಮಿಲಿಗ್ರಾಂ ಎಂದು ಬಂದರೆ ಮೂರನೆಯದು ಸೊರಗಿದೆ, ಉಳಿದ ಮೂರು ಅದಕ್ಕೆ ಜಾಗ ಬಿಟ್ಟಿವೆ. ನಾಲ್ಕನ್ನೂ ಕೂಡಿದರೆ ಸೊನ್ನೆಯ ಆಸುಪಾಸು ಬರಬೇಕು. ಕೆಲವು ಸ್ಕ್ಯಾನರ್ ಮಿಲಿಗ್ರಾಂ ಬದಲು ಆರ್‌ಪಿಎಂ ವ್ಯತ್ಯಾಸ ತೋರಿಸುತ್ತವೆ, ಯೂನಿಟ್ ನೋಡಿಕೊಂಡೇ ಓದಿ. ಈ ಅಂಕಿಗಳಿಗೆ ಬೆಲೆ ಇರುವುದು ಐಡ್ಲಿಂಗ್ ಹತ್ತಿರ ಮಾತ್ರ.

ಮೊದಲು ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ ಅದುಮುವ ಒತ್ತಡ) ನೋಡಿ. ಸ್ಟಾರ್ಟರ್ ಕೇಬಲ್‌ಗೆ ಕರೆಂಟ್ ಕ್ಲ್ಯಾಂಪ್ ಹಾಕಿ, ಸ್ಟಾರ್ಟ್ ಆಗದಂತೆ ಕ್ರ್ಯಾಂಕ್ ಮಾಡಿ ಸ್ಕೋಪ್‌ನಲ್ಲಿ (ಕರೆಂಟಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಯಂತ್ರ) ನೋಡಿ. ಸಿಲಿಂಡರಿಗೊಂದರಂತೆ ಬರುವ ನಾಲ್ಕು ಗುಡ್ಡಗಳಲ್ಲಿ ಒಂದು ಕುಳ್ಳಗಿದ್ದರೆ ಇಂಜೆಕ್ಟರ್ ಮಾತೇ ಬೇಡ. ಟ್ಯಾಪೆಟ್ ಬಿಗಿಯಾಗಿ ವಾಲ್ವ್ ಪೂರ್ತಿ ಕೂರದಿದ್ದರೂ ಪ್ಲಸ್ ಕರೆಕ್ಷನ್ ಬರುತ್ತದೆ. ಅದು ಫೀಲರ್ ಗೇಜಿನಲ್ಲಿ (ಸಂದಿ ಅಳೆಯುವ ತೆಳು ಪಟ್ಟಿ) ಮುಗಿಯುವ ಕೆಲಸ. ಇಂಜೆಕ್ಟರ್ ಬುಡಕ್ಕೆ ಟಾರ್ಚ್ ಬಿಡಿ: ಡಾಂಬರಿನಂಥ ಮಸಿ ಗಟ್ಟಿಯಾಗಿ ಅಂಟಿದ್ದು, ಕ್ರ್ಯಾಂಕ್ ಮಾಡುವಾಗ ಚುಸ್ ಚುಸ್ ಸದ್ದಿದ್ದರೆ ಕಾಪರ್ ವಾಷರಿನಿಂದ ಗಾಳಿ ಸೋರುತ್ತಿದೆ.

ಹಳೇ ಮೈಕೋ ಕಂಪನಿಯ ಡೀಸೆಲ್ ಪಂಪಿನ ಇಂಜಿನ್‌ಗಳಲ್ಲಿ ಪೈಪ್ ನಟ್ ಸಡಿಲಿಸಿ ಮಿಸ್ಸಿಂಗ್ (ಸರಿಯಾಗಿ ಉರಿಯದ ಸಿಲಿಂಡರ್) ಹುಡುಕುತ್ತಿದ್ದರು. ಕಾಮನ್ ರೈಲಿನಲ್ಲಿ ಅದನ್ನು ಖಂಡಿತ ಮಾಡಬೇಡಿ. ಐಡ್ಲಿಂಗ್‌ನಲ್ಲೇ 250–300 ಬಾರ್ ಇರುತ್ತದೆ, ಚಿಮ್ಮಿದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಓಡುವ ಇಂಜಿನ್ನಿನಲ್ಲಿ ಇಂಜೆಕ್ಟರ್ ಸಾಕೆಟ್ ಎಳೆಯುವುದೂ ಬೇಡ. ಒಂದೊಂದೇ ಸಿಲಿಂಡರ್ ನಿಲ್ಲಿಸಿ ನೋಡುವ ಕಟ್‌ಆಫ್ ಟೆಸ್ಟ್ ಸ್ಕ್ಯಾನರಿನಲ್ಲೇ ಮಾಡಿ.

ಕಂಪ್ರೆಷನ್ ಸರಿಯಿದ್ದರೆ ಇಂಜೆಕ್ಟರಿನಿಂದ ವಾಪಸ್ ಹರಿಯುವ ಡೀಸೆಲ್ ಅಳೆಯುವ ರಿಟರ್ನ್ ಟೆಸ್ಟ್ (ವಿದ್ಯುತ್ ಸುರುಳಿಯ ಸೊಲೆನಾಯ್ಡ್ ಇಂಜೆಕ್ಟರಿಗೆ ಮಾತ್ರ, ಪೀಜೋ ಇಂಜೆಕ್ಟರಿಗೆ ಕ್ರಮ ಬೇರೆ). ನಾಲ್ಕು ರಿಟರ್ನ್ ಪೈಪ್ ಕಳಚಿ, ಒಂದೇ ಅಳತೆಯ ನಾಲ್ಕು ಬಾಟಲಿಗೆ ಟ್ಯೂಬ್ ಬಿಡಿ, ಮೂಲ ರಿಟರ್ನ್ ಲೈನಿನ ಬಾಯಿ ಮುಚ್ಚಿ, ಐದು ನಿಮಿಷ ಐಡ್ಲಿಂಗ್. ಮೂರರಲ್ಲಿ 20 ಎಂ.ಎಲ್ ಇದ್ದು ಒಂದರಲ್ಲಿ 60 ತುಂಬಿದರೆ ಆ ಇಂಜೆಕ್ಟರಿನ ಕಂಟ್ರೋಲ್ ವಾಲ್ವ್ ಸವೆದಿದೆ. ನಾಲ್ಕೂ ಸಮವಿದ್ದರೂ ನಾಝಲ್ (ಇಂಜೆಕ್ಟರಿನ ಸಿಂಪಡಿಸುವ ತುದಿ) ಚೆನ್ನಾಗಿದೆ ಎಂದೇನಲ್ಲ.

ಆಗ ಇಂಜೆಕ್ಟರುಗಳನ್ನು ಅದಲು ಬದಲು ಮಾಡಿ ನೋಡಿ. ಫೈರಿಂಗ್ ಆರ್ಡರ್ (ಸಿಲಿಂಡರುಗಳು ಫೈರ್ ಆಗುವ ಸರದಿ) 1-3-4-2 ಆದರೆ ಮೂರನೆಯದನ್ನು ಎರಡರ ಜೊತೆ ಬದಲಿಸಿ, ಒಂದು ಅಥವಾ ನಾಲ್ಕರ ಜೊತೆಯಲ್ಲ. ಅವೆರಡು ಅದರ ಹಿಂದೆ ಮುಂದೆ ಫೈರ್ ಆಗುವುದರಿಂದ ಒಂದರ ತಪ್ಪು ಇನ್ನೊಂದರ ಲೆಕ್ಕದಲ್ಲಿ ಕಾಣಿಸಿಕೊಳ್ಳಬಹುದು. ಹೊಸ ಕಾಪರ್ ವಾಷರ್, ಕೈಪಿಡಿಯ ಟಾರ್ಕ್. ಇಂಜೆಕ್ಟರಿನ ತಲೆಯ ಮೇಲೆ ಕೆತ್ತಿದ, ಅದರ ಅಳತೆ ಹೇಳುವ ಕೋಡನ್ನೂ ಇಸಿಯುನಲ್ಲಿ ಅದಲು ಬದಲು ಬರೆಯಬೇಕು. ಇದನ್ನು ಮರೆತರೆ ಟೆಸ್ಟೇ ಸುಳ್ಳು. ಪ್ಲಸ್ ಎರಡಕ್ಕೆ ಹೋದರೆ ದೋಷ ಇಂಜೆಕ್ಟರಿನದು. ಮೂರರಲ್ಲೇ ನಿಂತರೆ ವೈರಿಂಗ್, ಸಾಕೆಟ್, ಮತ್ತೆ ಕಂಪ್ರೆಷನ್ ನೋಡಿ.

ದೊಡ್ಡ ಮೈನಸ್ ಬಂದರೆ ಮಾತ್ರ ಗಾಡಿ ಓಡಿಸಬೇಡಿ. ನಾಝಲ್ ತೊಟ್ಟಿಕ್ಕುತ್ತಿರಬಹುದು. ತಣ್ಣಗಿದ್ದಾಗ ಬಿಳಿ ಹೊಗೆ, ಜೋರಾದ ನಾಕ್ ಅದರ ಗುರುತು. ಹೀಗೇ ಓಡಿಸಿದರೆ ಪಿಸ್ಟನ್ ತಲೆ ಕರಗಬಹುದು, ಡೀಸೆಲ್ ಇಳಿದು ಆಯಿಲ್ ತೆಳುವಾಗಬಹುದು. ಡಿಪ್‌ಸ್ಟಿಕ್ ಮಟ್ಟ ಏರಿದ್ದರೆ ಆಯಿಲ್ ಬದಲಿಸಿ. ಬಿಎಸ್6 ಗಾಡಿಯಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಒಳಗಿನ ಮಸಿ ಸುಡಲು ಬಿಡುವ ಡೀಸೆಲ್‌ನಿಂದಲೂ ಮಟ್ಟ ಏರುತ್ತದೆ, ಹಾಗಾಗಿ ಡಿಪ್‌ಸ್ಟಿಕ್ ಒಂದನ್ನೇ ನಂಬಿ ನಾಝಲ್ ಬಿಚ್ಚಬೇಡಿ.