ಸ್ಲೊವೇನಿಯಾದಲ್ಲಿ ಸ್ಕೀ: ಬೇಕಾದಷ್ಟೇ ಬೆಟ್ಟ, ಅಷ್ಟಕ್ಕೇ ದುಡ್ಡು

ಮ್ಯೂನಿಕ್‌ಗೆ ಬಂದು ಆರು ವರ್ಷವಾದರೂ ನಾವು ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ಕೀ ಆಟದ ತಂಟೆಗೆ ಹೋಗಿರಲಿಲ್ಲ. ಚಳಿಗಾಲದ ಶನಿವಾರ ಬೆಳಗ್ಗೆ ಅಕ್ಕಪಕ್ಕದವರೆಲ್ಲ ಕಾರಿನ ನೆತ್ತಿಯ ಮೇಲೆ ಉದ್ದನೆಯ ಪೆಟ್ಟಿಗೆ ಹೊರಿಸಿಕೊಂಡು ಹೊರಟರೆ, ನಾವು ಕಿಟಕಿಯ ಹತ್ತಿರ ಕಾಫಿ ಲೋಟ ಹಿಡಿದು ನೋಡುತ್ತಿದ್ದೆವು. ಮಗಳು ಮೂರನೇ ಕ್ಲಾಸಿಗೆ ಬಂದಾಗ ಒಂದು ದಿನ ಮುಖ ಊದಿಸಿಕೊಂಡು ಬಂದಳು. ಅವಳ ಕ್ಲಾಸಿನಲ್ಲಿ ಸ್ಕೀ ಬಾರದವಳು ಅವಳೊಬ್ಬಳೇ ಅಂತೆ. ಸರಿ, ಆಸ್ಟ್ರಿಯಾದ ಹೆಸರುವಾಸಿ ಜಾಗಗಳ ಲೆಕ್ಕ ಹಾಕಲು ಕೂತೆ. ಲಿಫ್ಟ್ ಹತ್ತಿ ಇಳಿಜಾರು ಬಳಸಲು ದೊಡ್ಡವರ ಒಂದು ದಿನದ ಪಾಸೇ 70 ಯೂರೊ ದಾಟುತ್ತದೆ. ಮೇಲೆ ರೂಮು, ಬೂಟು, ಹಲಗೆ, ಕಲಿಸುವವರ ಫೀಸು. ನಾಲ್ಕು ಜನ, ಐದು ದಿನ ಅಂತ ಗುಣಿಸಿ ನೋಡಿ ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ದಾರಿ ತೋರಿಸಿದ್ದು ಆಫೀಸಿನಲ್ಲಿ ನನ್ನ ಎದುರಿಗೆ ಕೂರುವ ಸ್ಲೊವೇನಿಯಾದ ಗೆಳೆಯ. "ನೀವು ನಾಲ್ವರೂ ಹೊಸಬರು. ಐದು ದಿನದಲ್ಲಿ ನೀವು ಬಳಸುವುದು ಎರಡೋ ಮೂರೋ ಇಳಿಜಾರು. ಇನ್ನೂರು ಕಿಲೋಮೀಟರ್ ಇಳಿಜಾರಿಗೆ ಯಾಕೆ ದುಡ್ಡು ಕೊಡ್ತೀರಿ?" ಅಂದ. ಅದೊಂದು ಮಾತಿನ ಮೇಲೆ ಎರಡು ಚಳಿಗಾಲ ಆ ದೇಶಕ್ಕೆ ಹೋಗಿ ಬಂದಿದ್ದೇವೆ. ಹೋಗಬೇಕೆಂದಿರುವವರಿಗೆ ನಾವು ಎಡವಿದ್ದೂ ಎದ್ದದ್ದೂ ಉಪಯೋಗಕ್ಕೆ ಬರಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಸ್ಲೊವೇನಿಯಾ ಸಣ್ಣ ದೇಶ. ವಿಸ್ತಾರದಲ್ಲಿ ಕರ್ನಾಟಕದ ಹತ್ತನೇ ಒಂದು ಪಾಲು, ಜನಸಂಖ್ಯೆ 21 ಲಕ್ಷದ ಆಸುಪಾಸು. ಆದರೆ 2,864 ಮೀಟರ್ ಎತ್ತರದ ಟ್ರಿಗ್ಲಾವ್ ಬೆಟ್ಟವನ್ನು ಬಾವುಟದಲ್ಲೇ ಇಟ್ಟುಕೊಂಡಿರುವ ಜನ. ಅಲ್ಲಿನ ಬ್ಲೋಕೆ ಎಂಬ ಪ್ರಸ್ಥಭೂಮಿಯ ರೈತರು ಮರದ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುತ್ತಿದ್ದುದನ್ನು 1689ರಲ್ಲೇ ವಾಲ್ವಸೋರ್ ಎಂಬ ವಿದ್ವಾಂಸ ಬರೆದಿಟ್ಟಿದ್ದಾನೆ. ಹಾಗಾಗಿ ಬೆಲೆ ಕಡಿಮೆ ಅಂದ ಮಾತ್ರಕ್ಕೆ ಎರಡನೇ ದರ್ಜೆಯ ಜಾಗ ಅಂದುಕೊಳ್ಳಬೇಡಿ.

ನಾವು ಉಳಿದುಕೊಂಡದ್ದು ಕ್ರಾನ್‌ಸ್ಕಾ ಗೋರಾದಲ್ಲಿ. ಆಸ್ಟ್ರಿಯಾ, ಇಟಲಿ ಎರಡೂ ಗಡಿಗಳು ಹತ್ತಿರವೇ ಇರುವ, 810 ಮೀಟರ್ ಎತ್ತರದ ಊರು. ಹೊಸಬರ ಇಳಿಜಾರು ಊರಿನ ಅಂಚಿನಲ್ಲೇ ಶುರುವಾಗುತ್ತದೆ. ಇದು ಎಷ್ಟು ದೊಡ್ಡ ಅನುಕೂಲ ಅನ್ನುವುದು ಐದು ವರ್ಷದ ಮಗನ ಬೂಟು, ಹಲಗೆ, ಹೆಲ್ಮೆಟ್ ಎಲ್ಲವನ್ನೂ ಹೆಗಲಿಗೇರಿಸಿಕೊಂಡು "ಅಪ್ಪಾ, ಸೂಸು" ಅನ್ನುವ ಅವನನ್ನೂ ಎತ್ತಿಕೊಂಡು ನಡೆದವರಿಗೆ ಗೊತ್ತು. ರೂಮು ನೂರು ಮೀಟರ್ ದೂರದಲ್ಲಿದ್ದರೆ ಬದುಕಿದಿರಿ. ಊರಾಚೆ ಅಗ್ಗದ ಮನೆ ಸಿಕ್ಕಿತೆಂದು ಹಿಡಿದರೆ ಉಳಿಸಿದ ದುಡ್ಡು ಪಾರ್ಕಿಂಗಿಗೂ ಜಗಳಕ್ಕೂ ಹೋಗುತ್ತದೆ. ನಾವು ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿದೆವು, ಕುಕ್ಕರ್ ಒಯ್ದೆವು. ಬುಕ್ ಮಾಡುವಾಗ ತಲೆಗಿಷ್ಟು ಅಂತ ಪ್ರವಾಸಿ ತೆರಿಗೆ ಬೇರೆ ಇರುತ್ತದೆ, ಅದನ್ನೂ ಸೇರಿಸಿ ಲೆಕ್ಕ ಹಾಕಿ.

ನಾವು ಹೋದಾಗ ದೊಡ್ಡವರ ದಿನದ ಪಾಸಿಗೆ 40 ಯೂರೊ ಚಿಲ್ಲರೆ ಇತ್ತು. ಪ್ರತಿ ವರ್ಷ ಒಂದೆರಡು ಯೂರೊ ಏರುತ್ತದೆ, ಹೊರಡುವ ಮುಂಚೆ ನೋಡಿಕೊಳ್ಳಿ. ಮೊದಲ ವರ್ಷ ನಾನು ಮಾಡಿದ ದೊಡ್ಡ ತಪ್ಪು ಎಂದರೆ, ರಿಯಾಯಿತಿ ಸಿಗುತ್ತದೆಂದು ಎಲ್ಲರಿಗೂ ಐದು ದಿನದ ಪಾಸು ಒಟ್ಟಿಗೇ ತೆಗೆದುಕೊಂಡದ್ದು. ಎರಡನೇ ದಿನ ಮಧ್ಯಾಹ್ನಕ್ಕೇ ಎಲ್ಲರ ತೊಡೆ ಹಿಡಿದುಕೊಂಡು ಮಂಚದಿಂದ ಏಳಲಾಗಲಿಲ್ಲ. ಮೂರನೇ ದಿನ ಮಳೆ. ಹೊಸಬರ ಮೈ ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಬಗ್ಗುವುದಿಲ್ಲ. ಎರಡನೇ ವರ್ಷ ಅರ್ಧ ದಿನದ ಪಾಸು ಅವತ್ತವತ್ತೇ ತೆಗೆದುಕೊಂಡೆವು, ಖರ್ಚು ಎಷ್ಟೋ ಇಳಿಯಿತು. ಮೊದಲ ದಿನವಂತೂ ಪಾಸಿಗಿಂತ ಮುಂಚೆ ಕಲಿಸುವವರಿಗೆ ದುಡ್ಡು ಕೊಡಿ. ಗಂಟೆಗೆ 50 ಯೂರೊ ಹತ್ತಿರ ಕೇಳುತ್ತಾರೆ, ಜಾಸ್ತಿ ಅನ್ನಿಸುತ್ತದೆ. ಆದರೆ ಯೂಟ್ಯೂಬ್ ನೋಡಿ ಕಲಿತುಬಿಡುತ್ತೇನೆ ಅಂದ ನಾನು ಅರ್ಧ ದಿನ ಬೇಲಿ ಹಿಡಿದುಕೊಂಡು ನಿಂತಿದ್ದಾಗ, ಟೀಚರ್ ಜೊತೆ ಹೋದ ಮಗಳು ಎರಡು ಗಂಟೆಯಲ್ಲಿ ನನ್ನ ಪಕ್ಕದಲ್ಲೇ ಜಾರಿಕೊಂಡು ಹೋಗಿ ಕೈ ಬೀಸಿದಳು.

ಬೂಟಿನ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಹಲಗೆ, ಬೂಟು, ಕೋಲು, ಹೆಲ್ಮೆಟ್ ಎಲ್ಲ ಬಾಡಿಗೆಗೆ ಸಿಗುತ್ತವೆ, ಮೊದಲ ಎರಡು ವರ್ಷ ಏನೂ ಕೊಳ್ಳಬೇಡಿ. ಚಳಿಗೆ ಹೆದರಿ ನಾನು ಎರಡು ಜೊತೆ ಉಣ್ಣೆಯ ಕಾಲುಚೀಲ ಹಾಕಿಕೊಂಡು ಹೋಗಿದ್ದೆ. ಬೂಟು ಬಿಗಿಯಾಯಿತೆಂದು ಒಂದು ಸೈಜು ದೊಡ್ಡದು ಕೇಳಿ ಪಡೆದೆ. ಒಳಗೆ ಕಾಲು ಆಡುತ್ತದೆ, ಹಲಗೆ ಮಾತು ಕೇಳುವುದಿಲ್ಲ, ಸಾಲದ್ದಕ್ಕೆ ಬೆರಳು ಮರಗಟ್ಟಿದವು. ಸರಿಯಾದ ಕ್ರಮವನ್ನು ಮರುದಿನ ಬಾಡಿಗೆ ಅಂಗಡಿಯ ಹುಡುಗಿ ಹೇಳಿಕೊಟ್ಟಳು. ಮೊಣಕಾಲಿನವರೆಗೆ ಬರುವ ತೆಳು ಕಾಲುಚೀಲ, ಒಂದೇ ಜೊತೆ. ಒಳಗಿನ ಥರ್ಮಲ್ ಪ್ಯಾಂಟನ್ನು ಬೂಟಿನೊಳಗೆ ತುರುಕಬಾರದು, ಮಡಿಕೆ ಬಿದ್ದರೆ ಸಂಜೆಗೆ ಚರ್ಮ ಕಿತ್ತಿರುತ್ತದೆ. ನೆಟ್ಟಗೆ ನಿಂತಾಗ ಬೆರಳ ತುದಿ ಬೂಟಿನ ಮೂತಿಗೆ ತಾಕಬೇಕು, ಮಂಡಿ ಮುಂದಕ್ಕೆ ಬಗ್ಗಿಸಿದಾಗ ಹಿಂದೆ ಸರಿಯಬೇಕು. ಹಿಮ್ಮಡಿ ಏಳಬಾರದು. ಮೊದಲ ಸಲ ಹಾಕಿಕೊಂಡಾಗ "ಇದನ್ನು ಹಾಕಿಕೊಂಡು ನಡೆಯೋದು ಹೇಗಪ್ಪಾ" ಅನ್ನಿಸಿದರೆ ಬೂಟು ಸರಿಯಾಗಿದೆ ಅಂತಲೇ ಅರ್ಥ. ಅವಳು ಆರಿಸಿಕೊಟ್ಟ ಹಲಗೆ ಎಲಾನ್ ಕಂಪನಿಯದು. 1945ರಿಂದ ಸ್ಕೀ ಮಾಡುತ್ತಿರುವ ಆ ಕಂಪನಿಯ ಊರು ಬೆಗುನ್ಯೆ ಅಲ್ಲಿಂದ ಒಂದು ಗಂಟೆಯೂ ಆಗದ ದಾರಿ. ಮಳೆ ಬಂದ ದಿನ ಅಲ್ಲಿರುವ ಅವರ ಮ್ಯೂಸಿಯಂ ನೋಡಬಹುದು.

ಇನ್ನೊಂದು ಗಂಡಾಂತರ, ಇಳಿಜಾರಿನ ಮೇಲಕ್ಕೆ ಎಳೆದೊಯ್ಯುವ ಲಿಫ್ಟ್. ಹಗ್ಗದ ತುದಿಯಲ್ಲಿ ತಟ್ಟೆಯಂಥದ್ದು ಇರುತ್ತದೆ, ಅದನ್ನು ಕಾಲುಗಳ ನಡುವೆ ಸಿಕ್ಕಿಸಿಕೊಳ್ಳಬೇಕು. ಕೂರಲು ಹೋಗಬೇಡಿ! ಅದು ಕುರ್ಚಿಯಲ್ಲ, ಹಿಂದಿನಿಂದ ತಳ್ಳುವ ಕೈ ಇದ್ದ ಹಾಗೆ. ಭಾರ ಬಿಟ್ಟ ತಕ್ಷಣ ಹಗ್ಗ ಬಿಚ್ಚಿಕೊಂಡು ನೀವು ನೆಲಕ್ಕೆ. ನಾನು ಮೂರು ಸಲ ಬಿದ್ದೆ, ಹಿಂದಿನ ಸಾಲೆಲ್ಲ ನಿಂತಿತು, ಯಾರೂ ಬೈಯಲಿಲ್ಲ.

ಆ ವರ್ಷ ದಾವಣಗೆರೆಯಿಂದ ನಮ್ಮ ಅತ್ತೆಯವರೂ ಬಂದಿದ್ದರು. ಶಾಲು ಹೊದ್ದು ಇಳಿಜಾರಿನ ಬುಡದ ಬೆಂಚಿನಲ್ಲಿ ಕೂತು ನೋಡುತ್ತಿದ್ದವರು ನಾನು ಮೂರನೇ ಸಲ ಬಿದ್ದು ಎದ್ದು ಬಂದಾಗ, "ಏನ್ರೀ ಇದು, ದುಡ್ಡು ಕೊಟ್ಟು ಬೀಳಾಕ ಬಂದೀರೇನು?" ಅಂದರು. ಊರಿಂದ ಹಿರಿಯರು ಬಂದಿದ್ದರೆ ಜಾಗ ಆರಿಸುವಾಗ ಅವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕ್ರಾನ್‌ಸ್ಕಾ ಗೋರಾದಲ್ಲಿ ಅವರು ಒಬ್ಬರೇ ಊರೊಳಗೆ ಅಡ್ಡಾಡಿ, ಚರ್ಚ್ ಎದುರಿನ ಅಂಗಡಿಯಲ್ಲಿ ಚಹಾ ಕುಡಿದು, ಯಾಸ್ನಾ ಕೆರೆಯವರೆಗೆ ನಿಧಾನಕ್ಕೆ ನಡೆದು ಬರುತ್ತಿದ್ದರು. ಬೆಟ್ಟದ ನೆತ್ತಿಯ ಒಂಟಿ ಹೋಟೆಲಿನಲ್ಲಾಗಿದ್ದರೆ ಐದು ದಿನ ಸೆರೆಮನೆ.

ಹಾಗಂತ ಕ್ರಾನ್‌ಸ್ಕಾ ಗೋರಾಗೆ ಕೊರತೆ ಇಲ್ಲದಿಲ್ಲ. ಎತ್ತರ ಕಡಿಮೆ. ಕುರ್ಚಿ ಲಿಫ್ಟ್‌ಗಳು ಸುಮಾರು 1,200 ಮೀಟರ್‌ಗೆ ಮುಗಿಯುತ್ತವೆ. ಇಳಿಜಾರುಗಳು ಉತ್ತರಕ್ಕೆ ಮುಖ ಮಾಡಿರುವುದರಿಂದ ಜನವರಿಯಲ್ಲಿ ಬಿಸಿಲು ಬೀಳುವುದೇ ಕಡಿಮೆ, ಹಿಮ ಉಗುಳುವ ಯಂತ್ರಗಳ ಬಲದಿಂದ ಸೀಸನ್ ನಡೆಯುತ್ತದೆ. ಬೆಳಗ್ಗೆ ಕೆಲವೊಮ್ಮೆ ನೆಲ ಗಾಜಿನಂತೆ ಗಟ್ಟಿ. ಸ್ಕೀ ಚೆನ್ನಾಗಿ ಬರುವವರಿಗೆ ಎರಡೇ ದಿನಕ್ಕೆ ಬೇಜಾರಾಗುತ್ತದೆ. ಪಕ್ಕದ ಪೊಡ್ಕೊರೆನ್‌ನಲ್ಲಿ ವಿಶ್ವಕಪ್ ಓಟ ನಡೆಯುವ ಕಡಿದಾದ ಇಳಿಜಾರು ಇದೆ ನಿಜ, ನಾನು ಅದನ್ನು ಕೆಳಗಿನಿಂದ ನೋಡಿ ಕೈ ಮುಗಿದೆ.

ಬೆಟ್ಟ ಅಂದರೆ ಹೇಗಿರಬೇಕು ಎಂದು ನೋಡಬೇಕಾದರೆ ಒಂದು ದಿನ ವೋಗೆಲ್‌ಗೆ ಹೋಗಿ. ಬೋಹಿನ್ ಸರೋವರದ ತುದಿಯಿಂದ, 569 ಮೀಟರ್‌ನಿಂದ, ಕೇಬಲ್ ಕಾರು ಒಂದೇ ಉಸಿರಿಗೆ 1,535 ಮೀಟರ್‌ಗೆ ಒಯ್ಯುತ್ತದೆ. ನಾವು ಹತ್ತಿದಾಗ ಕೆಳಗೆ ಕಾವಳ, ಹತ್ತು ಮಾರು ಆಚೆ ಏನೂ ಕಾಣದು. ಅತ್ತೆ ಕಂಬಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದರು. ನಡುವೆ ಎಲ್ಲೋ ಬೆಳಕು ಹಳದಿಯಾಯಿತು, ಮರುಗಳಿಗೆ ಮೋಡದಿಂದ ಮೇಲೆ ಬಂದಿದ್ದೆವು. ಸರೋವರವಿದ್ದ ಕಡೆ ಹಾಲಿನ ಕೆನೆಯ ಹಾಗೆ ಮಂಜು, ಎದುರಿಗೆ ಟ್ರಿಗ್ಲಾವ್. ಅತ್ತೆ ಕಣ್ಣು ಬಿಟ್ಟವರು ಆಮೇಲೆ ಇಳಿಯುವವರೆಗೂ ಮಾತಾಡಲಿಲ್ಲ. ಸ್ಕೀ ಮಾಡದವರಿಗೆ ಬರೀ ಕೇಬಲ್ ಕಾರಿನ ಟಿಕೆಟ್ ಸಿಗುತ್ತದೆ.

ಆದರೆ ವೋಗೆಲ್‌ನಲ್ಲಿರುವುದು ಬಿದ್ದ ಹಿಮ ಮಾತ್ರ, ಯಂತ್ರದ್ದಲ್ಲ. ಡಿಸೆಂಬರ್‌ನಲ್ಲಿ ನಂಬಿಕೊಂಡು ಬುಕ್ ಮಾಡಬೇಡಿ, ಫೆಬ್ರವರಿ ಕೊನೆ, ಮಾರ್ಚ್ ಒಳ್ಳೆಯದು. ಗಾಳಿ ಜೋರಾದರೆ ಕೇಬಲ್ ಕಾರು ನಿಲ್ಲುತ್ತದೆ, ಬೆಳಗ್ಗೆ ಇಂಟರ್ನೆಟ್ಟಿನಲ್ಲಿ ಬೆಟ್ಟದ ಕ್ಯಾಮೆರಾ ನೋಡಿಯೇ ಹೊರಡಿ. ಕ್ರಾನ್‌ಸ್ಕಾ ಗೋರಾದಿಂದ ಒಂದು ಗಂಟೆಗೆ ಮೇಲೆ ದಾರಿ.

ಭಾರತದಿಂದ ಬಂದು ರಾಜಧಾನಿ ಲ್ಯುಬ್ಲಿಯಾನಾ ಸುತ್ತುತ್ತಾ ಒಂದು ದಿನ ಹಿಮ ಮುಟ್ಟಿ ಬರಬೇಕು ಅನ್ನುವವರಿಗೆ ಕ್ರ್ವಾವೆಟ್ಸ್ ಸರಿ. ವಿಮಾನ ನಿಲ್ದಾಣದ ಪಕ್ಕದಲ್ಲೇ ಎನ್ನುವಷ್ಟು ಹತ್ತಿರ, ಲಿಫ್ಟ್‌ಗಳು 1,971 ಮೀಟರ್‌ವರೆಗೆ ಹೋಗುತ್ತವೆ, ಎತ್ತರವೂ ಯಂತ್ರವೂ ಎರಡೂ ಇರುವುದರಿಂದ ಹಿಮದ ಭರವಸೆ ಹೆಚ್ಚು. ರಾಜಧಾನಿಯ ಜನವೆಲ್ಲ ಅಲ್ಲಿಗೇ ಬರುವುದರಿಂದ ಶನಿವಾರ, ಭಾನುವಾರ ಬೇಡ. ಮಾರಿಬೋರ್‌ನ ಪೊಹೊರ್ಯೆ ನಗರಕ್ಕೇ ಅಂಟಿಕೊಂಡಿದೆ, ರಾತ್ರಿ ದೀಪದಲ್ಲೂ ಸ್ಕೀ ಮಾಡಬಹುದು. ಆದರೆ ಬುಡ 325 ಮೀಟರ್‌ನಲ್ಲಿದೆ. ಅಲ್ಲಿ 1964ರಿಂದ ನಡೆಯುತ್ತಿದ್ದ ಮಹಿಳೆಯರ 'ಬಂಗಾರದ ನರಿ' ಸ್ಕೀ ಓಟವನ್ನೇ ಹಿಮವಿಲ್ಲದೆ ಎಷ್ಟೋ ವರ್ಷ ಕ್ರಾನ್‌ಸ್ಕಾ ಗೋರಾಗೆ ಒಯ್ದಿದ್ದಾರೆ ಎಂದರೆ ನೀವೇ ಯೋಚಿಸಿ. ರೋಗ್ಲಾ, ತ್ಸೆರ್ಕ್ನೊ ಮಕ್ಕಳಿಗೆ ಚೆನ್ನಾಗಿವೆ ಅನ್ನುತ್ತಾರೆ, ನಾವಿನ್ನೂ ಹೋಗಿಲ್ಲ.

ಒಂದು ಮಾತು. ಬೆಂಗಳೂರಿನಿಂದ ಸ್ಕೀ ಕಲಿಯುವುದಕ್ಕೆಂದೇ ಇಷ್ಟು ದೂರ ಬರಬೇಡಿ, ಅದಕ್ಕೆ ಗುಲ್ಮಾರ್ಗ್ ಇದೆ. ಯೂರೋಪ್ ಪ್ರವಾಸದ ನಡುವೆ ಮೂರು ದಿನ ಅಂದರೆ ಸರಿ. ಒಂದೇ ಷೆಂಗೆನ್ ವೀಸಾ ಸಾಕು. ವೀಸಾಕ್ಕೆ ಕೇಳುವ 30,000 ಯೂರೊ ಮೊತ್ತದ ವಿಮೆಯಲ್ಲಿ ಎಷ್ಟೋ ಸಲ ಸ್ಕೀಯಂಥ ಆಟಗಳು ಸೇರಿರುವುದಿಲ್ಲ, ಸಣ್ಣ ಅಕ್ಷರ ಓದಿ. ಜರ್ಮನಿಯಲ್ಲಿರುವವರ ಸರ್ಕಾರಿ ಆರೋಗ್ಯ ವಿಮೆಯ ಕಾರ್ಡು ಸ್ಲೊವೇನಿಯಾದ ಸರ್ಕಾರಿ ಆಸ್ಪತ್ರೆಯಲ್ಲಿ ನಡೆಯುತ್ತದೆ, ಊರಿಗೆ ಸಾಗಿಸುವ ಖರ್ಚಿಗೆ ನಡೆಯುವುದಿಲ್ಲ. ಬೇರೆ ಪ್ರವಾಸ ವಿಮೆ ಮಾಡಿಸಿ. ಗಡಿ ದಾಟಿ ಇಟಲಿಯ ಟಾರ್ವಿಸಿಯೊದಲ್ಲಿ ಜಾರುವುದಾದರೆ, 2022ರಿಂದ ಅಲ್ಲಿ ಬೇರೆಯವರಿಗೆ ಪೆಟ್ಟಾದರೆ ಪರಿಹಾರ ಕೊಡುವ ವಿಮೆ ಕಡ್ಡಾಯ.

ಊಟಕ್ಕೆ ಸಸ್ಯಾಹಾರಿಗಳು ಕೊಂಚ ಎಚ್ಚರ. ಯೋಟಾ ಎಂಬ ಹುಳಿ ಎಲೆಕೋಸು–ಬೀನ್ಸ್ ಕಾಳಿನ ಸಾರು ನೋಡಲು ನಮ್ಮದೇ ಅನ್ನಿಸುತ್ತದೆ, ಒಳಗೆ ಸಾಮಾನ್ಯವಾಗಿ ಹಂದಿ ಮಾಂಸ ಇರುತ್ತದೆ. ಝ್ಗಾಂತ್ಸಿ ಎನ್ನುವುದು ಮುದ್ದೆಯ ಪುಡಿಪುಡಿಯಾದ ದಾಯಾದಿ, ಆದರೆ ಮೇಲೆ ಹುರಿದ ಕೊಬ್ಬು ಉದುರಿಸುತ್ತಾರೆ. "ಬ್ರೆಝ್ ಮೇಸಾ", ಅಂದರೆ ಮಾಂಸವಿಲ್ಲದೆ, ಅಂತ ಮೊದಲೇ ಹೇಳಿ. ಗಿಣ್ಣಿನ ಹೂರಣದ ಶ್ಟ್ರುಕ್ಲಿಯನ್ನು ಮೊಟ್ಟೆ ತಿನ್ನುವ ಸಸ್ಯಾಹಾರಿಗಳು ಕಣ್ಣು ಮುಚ್ಚಿ ತಿನ್ನಬಹುದು. ಅತ್ತೆಯವರ ಚಟ್ನಿಪುಡಿ ಜೊತೆಗಂತೂ ಅದ್ಭುತ.

ದಾರಿಯ ಲೆಕ್ಕವೂ ಪಾಸಿನ ಲೆಕ್ಕದಷ್ಟೇ ಮುಖ್ಯ. ಮ್ಯೂನಿಕ್‌ನಿಂದ ಸಾಲ್ಜ್‌ಬುರ್ಗ್, ಫಿಲಾಖ್ ಮೂಲಕ ನಾಲ್ಕು ಗಂಟೆ. ಆಸ್ಟ್ರಿಯಾದ ಹೆದ್ದಾರಿ ಬಳಸಲು ಮೊದಲೇ ಕೊಳ್ಳುವ ಚೀಟಿ (ವಿನ್ಯೆಟ್) ಬೇಕು, ಟೌರ್ನ್ ಸುರಂಗದ ದಾರಿಗೆ ಪ್ರತ್ಯೇಕ ಟೋಲ್. ಫಿಲಾಖ್ ದಾಟಿದ ಮೇಲೆ ಎಲ್ಲರೂ ಕಾರಾವಾಂಕ್ ಸುರಂಗಕ್ಕೆ ಹೋಗುತ್ತಾರೆ. ಅಲ್ಲಿ ಮತ್ತೊಂದು ಟೋಲ್, ಆಚೆ ಸ್ಲೊವೇನಿಯಾದ ಹೆದ್ದಾರಿಯಲ್ಲಿ ಮುಂದೆ ಹೋದರೆ ಮತ್ತೊಂದು ಚೀಟಿ. ಅದರ ಬದಲು ಇಟಲಿ ಕಡೆ ತಿರುಗಿ ಟಾರ್ವಿಸಿಯೊದಲ್ಲಿ ಇಳಿದು ರಾಟೆಚೆ ಮೂಲಕ ಬಂದರೆ ಆ ಖರ್ಚು ಉಳಿಯುತ್ತದೆ. ವುರ್ತ್ಸೆನ್ ಕಣಿವೆ ದಾರಿ ಇನ್ನೂ ಹತ್ತಿರ, ಆದರೆ ಬಹಳ ಕಡಿದು, ಹಿಮದಲ್ಲಿ ಬೇಡ. ಕಾರಿಲ್ಲದವರು ಮ್ಯೂನಿಕ್–ಲ್ಯುಬ್ಲಿಯಾನಾ ರೈಲಿನಲ್ಲಿ ಯೆಸೆನಿತ್ಸೆಯಲ್ಲಿ ಇಳಿದು ಬಸ್ ಹಿಡಿಯಬಹುದು. ನವೆಂಬರ್ 15ರಿಂದ ಮಾರ್ಚ್ 15ರವರೆಗೆ ಕಾರಿಗೆ ಚಳಿಗಾಲದ ಸಜ್ಜು ಕಡ್ಡಾಯ. ಜಿಪಿಎಸ್ ನಿಮ್ಮನ್ನು 1,611 ಮೀಟರ್‌ನ ವ್ರ್ಶಿಚ್ ಘಾಟಿಗೆ ಕರೆದೊಯ್ಯಲು ನೋಡಿದರೆ ಕೇಳಬೇಡಿ, ಚಳಿಗಾಲದಲ್ಲಿ ಅದು ಸಾಮಾನ್ಯವಾಗಿ ಮುಚ್ಚಿರುತ್ತದೆ.

ವಾಪಸ್ ಹೊರಡುವುದು ಮಾತ್ರ ಶನಿವಾರ ಬೇಡ. ರೂಮು ಬದಲಾಗುವ ದಿನ ಅದು, ಟೌರ್ನ್ ದಾರಿಯಲ್ಲಿ ಇಡೀ ಯೂರೋಪೇ ಸಾಲುಗಟ್ಟಿರುತ್ತದೆ. ಮೊದಲ ವರ್ಷ ಹಾಗೆ ಸಿಕ್ಕಿಹಾಕಿಕೊಂಡು ನಾಲ್ಕು ಗಂಟೆಯ ದಾರಿಗೆ ಎಂಟು ಗಂಟೆ ಹಿಡಿಯಿತು. ಎರಡನೇ ವರ್ಷ ಶುಕ್ರವಾರ ಮಧ್ಯಾಹ್ನ ಬೂಟು ಹಿಂದಿರುಗಿಸಿ, ಬುತ್ತಿ ಕಟ್ಟಿಕೊಂಡು ನಾಲ್ಕಕ್ಕೆ ಹೊರಟೆವು. ಎಂಟೂವರೆಗೆ ಮನೆಯಲ್ಲಿ ಅನ್ನಕ್ಕಿಟ್ಟಾಗಿತ್ತು.